ಜನಾಂಗದ್ವೇಷ ವಿರೋಧಿ ಸಂಗೀತೋತ್ಸವಗಳು: ಲೇಖಕರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಲೇಖಕರಿಗೆ,

ನಮಸ್ಕಾರ. ಜನಾಂಗದ್ವೇಷವನ್ನು ವಿರೋಧಿಸುವ ಸಂಗೀತೋತ್ಸವಗಳಿಂದ ಇಂದಿಗೂ ಪ್ರಯೋಜನವಿದೆಯೇ ಎಂದು ಕೇಳುವ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಭಾಷೆಯ ಮೇಲೆ ನಿಮಗೆ ಒಳ್ಳೆಯ ಹಿಡಿತವಿದೆ, ತೊಡಕಿರುವುದು ವಾದದಲ್ಲಿ. ವಿಷಯ ಮುಖ್ಯವಾದುದೆಂದೇ ಕಾರಣಗಳನ್ನು ವಿವರವಾಗಿ ಬರೆಯುತ್ತಿದ್ದೇನೆ.

ಲೇಖನದ ಆಧಾರವೆಲ್ಲ 1978ರ ಏಪ್ರಿಲ್ 30ರ ಮೇಲೆ ನಿಂತಿದೆ. ಅಂದು ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ಹೊರಟ ಜನಾಂಗದ್ವೇಷ ವಿರೋಧಿ ಮೆರವಣಿಗೆ ಪೂರ್ವ ಲಂಡನ್ನಿನ ವಿಕ್ಟೋರಿಯಾ ಪಾರ್ಕ್ ತಲುಪಿದ್ದು, ಅಲ್ಲಿನ ಉತ್ಸವದಲ್ಲಿ ಸುಮಾರು 80,000 ಜನರೆದುರು ದ ಕ್ಲ್ಯಾಶ್, ಸ್ಟೀಲ್ ಪಲ್ಸ್ ತಂಡಗಳು ಹಾಡಿದ್ದು, ಮರುವರ್ಷದ ಚುನಾವಣೆಯಲ್ಲಿ ವಲಸೆ ವಿರೋಧಿ, ತೀವ್ರ ಬಲಪಂಥೀಯ ನ್ಯಾಷನಲ್ ಫ್ರಂಟ್ ಪಕ್ಷ ನೆಲಕಚ್ಚಿದ್ದು, ಇವನ್ನೆಲ್ಲ ಒಂದರ ಹಿಂದೊಂದು ಹೇಳಿ, ಹಾಡೇ ಅವರನ್ನು ಸೋಲಿಸಿತೆಂಬ ತೀರ್ಮಾನಕ್ಕೆ ಬಂದಿದ್ದೀರಿ. ಆದರೆ 1978ರ ಜನವರಿಯಲ್ಲೇ, ಆಗ ವಿರೋಧ ಪಕ್ಷವಾಗಿದ್ದ ಕನ್ಸರ್ವೇಟಿವ್ ಪಕ್ಷದ ನಾಯಕಿ ಮಾರ್ಗರೆಟ್ ಥ್ಯಾಚರ್ ಅವರು, ಬೇರೆ ಸಂಸ್ಕೃತಿಯವರು ಬಂದು ತಮ್ಮ ದೇಶವನ್ನು ಮುಳುಗಿಸಿಬಿಡುತ್ತಾರೆಂದು ಜನ ಹೆದರಿದ್ದಾರೆ ಎಂಬರ್ಥದ ಮಾತನ್ನು ದೂರದರ್ಶನದಲ್ಲಿ ಆಡಿದ್ದರು. ಫ್ರಂಟ್‌ಗೆ ಒಲಿದಿದ್ದ ಮತದಾರರಲ್ಲಿ ಹಲವರು ಥ್ಯಾಚರ್ ಅವರ ಪಕ್ಷದತ್ತ ಸರಿದರೆಂಬ ವಾದಕ್ಕೆ ನಿಮ್ಮಲ್ಲಿ ಉತ್ತರವಿಲ್ಲ.

ಇದಕ್ಕಿಂತ ದೊಡ್ಡ ಕೊರತೆಯೊಂದಿದೆ. ಆ ಉತ್ಸವ ಮುಗಿದ ನಾಲ್ಕನೆಯ ದಿನ, ಮೇ 4ರ ಸಂಜೆ, ಅದೇ ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಅಲ್ತಾಬ್ ಅಲಿ ಎಂಬ ಯುವ ಬಾಂಗ್ಲಾದೇಶಿ ಹೊಲಿಗೆ ಕಾರ್ಮಿಕನನ್ನು ಆ್ಯಡ್ಲರ್ ಬೀದಿಯಲ್ಲಿ ಇರಿದು ಕೊಂದರು. ಮೇ 14ರಂದು ಸುಮಾರು 7,000 ಜನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ನಿವಾಸದವರೆಗೂ ನಡೆದರು. ನಿಮ್ಮ ಲೇಖನದಲ್ಲಿ ಗಾಯಕರ ಹೆಸರುಗಳು ತುಂಬಿವೆ, ಈ ಹೆಸರಿಲ್ಲ. ಯಾರ ಪರವಾಗಿ ಹಾಡಲಾಯಿತೋ ಅವರ ಬದುಕು ಮರುದಿನ ಹೇಗಿತ್ತೆಂದು ಕೇಳದೆ ಉತ್ಸವದ ಬೆಲೆ ಕಟ್ಟಲಾಗದು. ಸೆಪ್ಟೆಂಬರ್‌ನಲ್ಲಿ ದಕ್ಷಿಣ ಲಂಡನ್ನಿನ ಬ್ರಾಕ್‌ವೆಲ್ ಪಾರ್ಕಿನಲ್ಲಿ ಎರಡನೆಯ ಉತ್ಸವ ನಡೆಯುತ್ತಿದ್ದ ದಿನವೇ ಫ್ರಂಟ್ ಪೂರ್ವ ಲಂಡನ್ನಿನಲ್ಲಿ ಮೆರವಣಿಗೆ ನಡೆಸಿತು. ಅವರನ್ನು ಎದುರಿಸಲು ಬೇಕಾದಷ್ಟು ಜನ ಅಲ್ಲಿರಲಿಲ್ಲವೆಂಬ ಟೀಕೆ ಚಳವಳಿಯ ಒಳಗಿನಿಂದಲೇ ಬಂತು. ಇದನ್ನೂ ಬರೆಯಬೇಕು.

ಜರ್ಮನಿಯ ಕೆಮ್ನಿಟ್ಸ್ ನಗರದಲ್ಲಿ 2018ರಲ್ಲಿ ಜನಾಂಗದ್ವೇಷದ ವಿರುದ್ಧ ನಡೆದ ಸಂಗೀತ ಕಾರ್ಯಕ್ರಮವನ್ನೂ ನೀವು ತಲೆ ಎಣಿಸಿಯೇ ಅಳೆದಿದ್ದೀರಿ. ಸುಮಾರು 65,000 ಜನ ಸೇರಿದ್ದು ನಿಜ. ಮರುವರ್ಷ ಅದೇ ಸ್ಯಾಕ್ಸನಿ ರಾಜ್ಯದಲ್ಲಿ ವಲಸೆ ವಿರೋಧಿ ಎಎಫ್‌ಡಿ ಪಕ್ಷ ಶೇ 27.5, 2024ರಲ್ಲಿ ಶೇ 30.6 ಮತ ಪಡೆದದ್ದೂ ನಿಜ.

ಹಾಗೆಂದು ಉತ್ಸವಗಳು ವ್ಯರ್ಥವೆಂಬ ಅಭಿಪ್ರಾಯ ನನ್ನದಲ್ಲ. ನೀವು ಒಂದೇ ಸಾಲಿನಲ್ಲಿ ದಾಟಿಹೋದ ಯಾಮೆಲ್ ಎಂಬ ಪುಟ್ಟ ಹಳ್ಳಿಯಲ್ಲಿಯೇ ನಿಮ್ಮ ಪ್ರಶ್ನೆಗೆ ಗಟ್ಟಿಯಾದ ಉತ್ತರವಿದೆ. ಉತ್ತರ ಜರ್ಮನಿಯ ಆ ಊರಿನಲ್ಲಿ ನವನಾಜಿಗಳು ಬಂದು ನೆಲೆಯೂರಿದರು. ಹಿಟ್ಲರ್ ಹುಟ್ಟೂರಿನ ದಾರಿ ತೋರಿಸುವ ಫಲಕವನ್ನೇ ನೆಟ್ಟರು. ಅವರ ನಡುವೆ ಬದುಕುತ್ತಿರುವ ಬಿರ್ಗಿಟ್ ಮತ್ತು ಹೋರ್ಸ್ಟ್ ಲೋಮೈಯರ್ ದಂಪತಿ ಊರು ಬಿಡದೆ, 2007ರಿಂದ ತಮ್ಮ ಹಿತ್ತಲಿನಲ್ಲೇ ಸಂಗೀತೋತ್ಸವ ನಡೆಸತೊಡಗಿದರು. 2015ರ ಆಗಸ್ಟ್‌ನಲ್ಲಿ ಅವರ ಕಣಜಕ್ಕೆ ಬೆಂಕಿ ಬಿತ್ತು. ಕೆಲವೇ ದಿನಗಳಲ್ಲಿ ನಡೆದ ಉತ್ಸವಕ್ಕೆ ಜರ್ಮನಿಯ ಅತಿ ಹೆಸರುವಾಸಿ ರಾಕ್ ತಂಡಗಳಲ್ಲೊಂದಾದ ಡೀ ಟೋಟೆನ್ ಹೋಸೆನ್ ಬಂದು ಹಾಡಿತು. ಇಲ್ಲಿ ಸಂಗೀತ ಚುನಾವಣೆ ಗೆಲ್ಲಲಿಲ್ಲ. ಬೆದರಿಕೆಗೆ ಗುರಿಯಾದ ಒಂದು ಮನೆ ಒಂಟಿಯಾಗದಂತೆ ನೋಡಿಕೊಂಡಿತು. ಬೆದರಿಕೆ ಇರುವ ಜಾಗದಲ್ಲೇ, ಅದನ್ನು ಅನುಭವಿಸುವವರ ಜೊತೆಗೇ ವರ್ಷವರ್ಷವೂ ನಡೆಯುವ ಉತ್ಸವ ಇಂದಿಗೂ ಬೇಕೇ ಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಯಾಮೆಲ್‌ನಿಂದಲೇ ಲೇಖನವನ್ನು ಆರಂಭಿಸಿ. 1978ಕ್ಕೆ ಆಮೇಲೆ ಹೋಗಿ, ಅಲ್ತಾಬ್ ಅಲಿಯನ್ನು ಬಿಡಬೇಡಿ. 'ಸಂಗೀತಕ್ಕೆ ಗಡಿಗಳಿಲ್ಲ' ಎಂಬ ಕೊನೆಯ ಪ್ಯಾರಾವನ್ನು ಪೂರ್ತಿ ತೆಗೆದುಹಾಕಿ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ.

ಇತಿ,
ಸಂಪಾದಕ