ಪಾಸ್ಖ ಹಬ್ಬವೂ ಕಾಫಿ ಹೂವೂ

ಪ್ರಶ್ನೆ: ಮಾನ್ಯರೇ, ಬಾಲ್ಯದಲ್ಲಿ ಈಸ್ಟರ್ (ಪಾಸ್ಖ) ಹಬ್ಬದಂದು ಅಜ್ಜಿಯ ತೋಟದಲ್ಲಿ ಕಾಫಿ ಹೂವು ಅರಳಿರುತ್ತಿದ್ದುದು ನನಗೆ ನೆನಪಿದೆ, ಹೂವು ಇರಲೇ ಇಲ್ಲವೆಂದು ಅಣ್ಣ ಹೇಳುತ್ತಾರೆ. ಯಾರ ನೆನಪು ಸರಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಇಬ್ಬರದೂ ಸರಿಯಿರಬಹುದು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯ ನಂತರದ ಭಾನುವಾರ ಈಸ್ಟರ್ ಆಚರಿಸುವುದರಿಂದ, ಹಬ್ಬವು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ದಿನವಾದರೂ ಬರಬಹುದು. ಕಾಫಿ ಗಿಡವಾದರೋ ಹೂಮಳೆಗಾಗಿ, ಅಂದರೆ ಮೊಗ್ಗು ಅರಳಿಸುವ ಮಳೆಗಾಗಿ, ಕಾಯುತ್ತದೆ. ಅರಳಿದ ಹೂವು ಕೆಲವೇ ದಿನಗಳಲ್ಲಿ ಬಾಡುತ್ತದೆ. ಎರಡೂ ಒಂದೇ ವಾರದಲ್ಲಿ ಕೂಡಿಬಂದ ವರ್ಷ ನಿಮ್ಮ ಮನಸ್ಸಿನಲ್ಲಿ ಉಳಿದಿರಬೇಕು.

ನನ್ನಲ್ಲಿ ಉಳಿದಿರುವುದು ಹಬ್ಬದ ಹಿಂದಿನ ರಾತ್ರಿಯ ಜಾಗರಣೆ. ದೀಪಗಳನ್ನೆಲ್ಲ ಆರಿಸಿದ ದೇವಾಲಯದ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಪಾಸ್ಖದ ದೊಡ್ಡ ಮೇಣದಬತ್ತಿಯನ್ನು ಬೆಳಗಿಸಿ, ಆ ಜ್ವಾಲೆಯನ್ನು ಕೈಯಿಂದ ಕೈಗೆ ದಾಟಿಸುವಾಗ, ಬಿಸಿ ಮೇಣ ಬೆರಳಿಗೆ ತಾಗದಂತೆ ಅಮ್ಮ ನನ್ನ ಬತ್ತಿಗೆ ಕಾಗದ ಸುತ್ತಿಕೊಡುತ್ತಿದ್ದರು. ಗುರುವಾರದಿಂದ ಮೌನವಾಗಿದ್ದ ಗಂಟೆಗಳು ಮಹಿಮಾ ಗೀತೆಯ ಹೊತ್ತಿಗೆ ಒಮ್ಮೆಲೇ ಮೊಳಗಿದಾಗ, ಅರೆನಿದ್ದೆಯಲ್ಲಿದ್ದ ಮಕ್ಕಳೆಲ್ಲರೂ ಎದ್ದು ಕೂರುತ್ತಿದ್ದೆವು. ಅಷ್ಟು ಸಂತೋಷವನ್ನು ನಾನು ಬೇರೆ ಹಬ್ಬದಲ್ಲಿ ಕಂಡಿಲ್ಲ.

ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ ತಂದ ಗರಿಯನ್ನು ನಮ್ಮಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತಿದ್ದರು. ಈಸ್ಟರ್‌ಗೆ ಮುಂಚಿನ ಉಪವಾಸಕಾಲ ಆರಂಭವಾಗುವ, ಮುಂದಿನ ವರ್ಷದ ಬೂದಿ ಬುಧವಾರಕ್ಕೆ ಬೇಕಾಗುವ ಬೂದಿ ಅಂಥ ಗರಿಗಳದ್ದೇ. ನಿಮ್ಮ ಅಜ್ಜಿ ಅದನ್ನು ಎಲ್ಲಿಡುತ್ತಿದ್ದರೆಂದು ಅಣ್ಣನನ್ನು ಕೇಳಿ, ಅವರ ಉತ್ತರವನ್ನೂ ನಮಗೆ ಬರೆಯಿರಿ.