ಹವಾರ್ ದ್ವೀಪಗಳ ತಗಾದೆ: ಓದುಗರಿಗೆ ಸಂಪಾದಕರ ಉತ್ತರ

ಬಹರೈನಿನ ರಾಜಧಾನಿ ಮನಾಮಾದಲ್ಲಿ ಬಹುಕಾಲ ದುಡಿದು ಈಗ ಊರಿಗೆ ಮರಳಿರುವ ಓದುಗರೊಬ್ಬರು ನಮಗೆ ದೀರ್ಘ ಪತ್ರ ಬರೆದಿದ್ದಾರೆ. ಬಹರೈನ್ ಮತ್ತು ಕತಾರ್ ನಡುವಿನ ಹವಾರ್ ದ್ವೀಪಗಳ ಬಗ್ಗೆ 1939ರಲ್ಲಿ ಬ್ರಿಟಿಷರು ಕೊಟ್ಟ ತೀರ್ಮಾನ ನ್ಯಾಯವಾಗಿ ನಡೆದ ವಿಚಾರಣೆಯಿಂದ ಬಂದದ್ದಲ್ಲ ಎಂದು ಕಳೆದ ಸಂಚಿಕೆಯಲ್ಲಿ ನಾವು ಹೇಳಿದ್ದು ಅವರಿಗೆ ಒಪ್ಪಿಗೆಯಾಗಿಲ್ಲ. ‘ಇಬ್ಬರು ಶೇಖ್ ದೊರೆಗಳ ಜಗಳವನ್ನು ಬ್ರಿಟಿಷರು ಊರ ಹಿರಿಯರಂತೆ ಪಂಚಾಯ್ತಿ ಮಾಡಿ ಬಗೆಹರಿಸಿದರು. 2001ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇನ್ನು ಅನ್ಯಾಯದ ಮಾತೆಲ್ಲಿ ಬಂತು? ತಿದ್ದುಪಡಿ ಪ್ರಕಟಿಸಿ’ ಎಂಬುದು ಅವರ ಒತ್ತಾಯ. ಕತಾರ್ ಕರಾವಳಿಯ ಜುಬಾರಾ ಊರಿನ ಬಗ್ಗೆಯೂ ಒಂದು ಪ್ರಶ್ನೆ ಕೇಳಿದ್ದಾರೆ.

ಮಾನ್ಯರೇ, ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಹೇಗ್ ತೀರ್ಪಿನ ವಿಚಾರದಲ್ಲಿ ನೀವು ಹೇಳಿದ್ದು ಅರ್ಧ ನಿಜ. ಉಳಿದರ್ಧವನ್ನು ಬಿಡಿಸಿ ಹೇಳಬೇಕಾದರೆ 1936ಕ್ಕೆ ಹೋಗಬೇಕು.

ಹವಾರ್ ದ್ವೀಪಗಳು ಕತಾರಿನ ಪಶ್ಚಿಮ ಕರಾವಳಿಗೆ ಅಂಟಿಕೊಂಡಂತಿವೆ. ದೊಡ್ಡ ದ್ವೀಪದಿಂದ ಕತಾರಿಗೆ ಸುಮಾರು 2 ಕಿ.ಮೀ., ಬಹರೈನಿಗೆ ಸುಮಾರು 20 ಕಿ.ಮೀ. ಸಿಹಿನೀರಿಲ್ಲದ, ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕಬೇಕಾದ ಬರಡು ನೆಲ. ಬಹರೈನಿನ ದವಾಸಿರ್ ಬುಡಕಟ್ಟಿನವರು ಮೀನು ಹಿಡಿಯಲು ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇರುತ್ತಿದ್ದರು. ಇಷ್ಟೇ ಆಗಿದ್ದರೆ ಯಾವ ಸರ್ಕಾರವೂ ಅತ್ತ ತಿರುಗಿ ನೋಡುತ್ತಿರಲಿಲ್ಲ. ಆದರೆ 1932ರಲ್ಲಿ ಬಹರೈನಿನಲ್ಲಿ ಎಣ್ಣೆ ಸಿಕ್ಕಿತು. 1935ರಲ್ಲಿ ಕತಾರಿನ ಶೇಖ್ ಅಬ್ದುಲ್ಲಾ ಬಿನ್ ಜಾಸಿಮ್ ಆಲ್ ಥಾನಿ ಆಂಗ್ಲೋ-ಪರ್ಷಿಯನ್ ಕಂಪನಿಗೆ ಎಣ್ಣೆ ತೆಗೆಯುವ ಹಕ್ಕು ಬರೆದುಕೊಟ್ಟರು. ಬಹರೈನಿನಲ್ಲಿ ಇನ್ನೂ ಯಾರಿಗೂ ಕೊಡದೆ ಉಳಿದಿದ್ದ ಪ್ರದೇಶಕ್ಕಾಗಿ ಎರಡು ಕಂಪನಿಗಳು ಪೈಪೋಟಿಗೆ ಬಿದ್ದವು. ಆ ಪ್ರದೇಶದಲ್ಲಿ ಹವಾರ್ ಸೇರುತ್ತದೆಯೇ ಇಲ್ಲವೇ ಎಂಬ ಪ್ರಶ್ನೆ ಎದ್ದದ್ದು ಆಗ.

1936ರ ಏಪ್ರಿಲ್ 28ರಂದು ಬಹರೈನ್ ಶೇಖರ ಸಲಹೆಗಾರ ಚಾರ್ಲ್ಸ್ ಬೆಲ್‌ಗ್ರೇವ್ ‘ಹವಾರ್ ನಮ್ಮದು’ ಎಂದು ಬ್ರಿಟಿಷ್ ಅಧಿಕಾರಿಗಳಿಗೆ ಬರೆದ. ಜುಲೈ ಹೊತ್ತಿಗೆ, ಅದು ಬಹರೈನಿಗೆ ಸೇರಿದಂತೆ ಕಾಣುತ್ತದೆ ಎಂದು ಬ್ರಿಟಿಷ್ ಸರ್ಕಾರ ಎಣ್ಣೆ ಕಂಪನಿಗೆ ತಿಳಿಸಿಬಿಟ್ಟಿತು. ಕತಾರಿನ ಶೇಖರನ್ನು ಒಂದು ಮಾತು ಕೇಳಲಿಲ್ಲ. ಮರುವರ್ಷ ಬಹರೈನ್ ಅಲ್ಲಿ ಕಾವಲು ಪಡೆ ಇಟ್ಟಿತು, ಕಟ್ಟಡಗಳು ಎದ್ದವು.

1938ರ ಮೇ ತಿಂಗಳಲ್ಲಿ ಶೇಖ್ ಅಬ್ದುಲ್ಲಾ ದೂರು ಕೊಟ್ಟಾಗ, ಬಹರೈನಿನಲ್ಲಿದ್ದ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಹ್ಯೂ ವೇಟ್‌ಮನ್ 20ನೇ ತಾರೀಕು ಉತ್ತರ ಬರೆದ. ಆ ಒಂದು ಕಾಗದವನ್ನು ನೀವು ಗಮನವಿಟ್ಟು ನೋಡಬೇಕೆಂದು ನನ್ನ ಕೋರಿಕೆ. ಕೆಲಕಾಲದಿಂದ ದ್ವೀಪಗಳು ಬಹರೈನಿನ ವಶದಲ್ಲಿರುವುದರಿಂದ ಮೇಲ್ನೋಟಕ್ಕೆ ಹಕ್ಕು ಅವರದ್ದೇ ಎಂದು ಅದರಲ್ಲಿದೆ. ಸಾಕ್ಷ್ಯ ಸಮೇತ ಹಕ್ಕುಪತ್ರ ಸಲ್ಲಿಸಿದರೆ ಬ್ರಿಟಿಷ್ ಸರ್ಕಾರ ಸತ್ಯಕ್ಕೂ ನ್ಯಾಯಕ್ಕೂ ತಕ್ಕಂತೆ ತೀರ್ಮಾನಿಸುತ್ತದೆ ಎಂದೂ ಇದೆ. ವಿಚಾರಣೆ ಶುರುವಾಗುವ ಮೊದಲೇ ಒಬ್ಬರ ಕಡೆ ತಕ್ಕಡಿ ವಾಲಿರುವುದನ್ನು ಇನ್ನೊಬ್ಬರಿಗೆ ಲಿಖಿತವಾಗಿ ತಿಳಿಸಲಾಯಿತು. ಶೇಖ್ ಅಬ್ದುಲ್ಲಾ ಆದರೂ ಒಪ್ಪಿದರು, ಮೇ 27ರಂದು ಹಕ್ಕುಪತ್ರ ಕಳಿಸಿದರು. ಬಹರೈನ್ ತನ್ನ ಪ್ರತಿವಾದ ಕೊಟ್ಟದ್ದು 1939ರ ಜನವರಿ 3ರಂದು. ಅದರಲ್ಲಿ ದವಾಸಿರ್‌ಗಳ ಮನೆ, ನೀರಿನ ತೊಟ್ಟಿ, ಮಸೀದಿ ಎಲ್ಲದರ ಪ್ರಸ್ತಾಪ ಇತ್ತು. ಮಾರ್ಚ್ 30ಕ್ಕೆ ಕತಾರಿನ ಉತ್ತರ. ಏಪ್ರಿಲ್ 22ಕ್ಕೆ ವೇಟ್‌ಮನ್ ವರದಿ. ಜುಲೈ 11ರಂದು ಇಬ್ಬರು ಶೇಖರಿಗೂ ಪತ್ರ ಹೋಯಿತು: ಹವಾರ್ ಬಹರೈನಿನದ್ದು. ಏಕೆಂಬುದಕ್ಕೆ ಒಂದು ಸಾಲಿನ ಕಾರಣವೂ ಇರಲಿಲ್ಲ. ಶೇಖ್ ಅಬ್ದುಲ್ಲಾ ಆಗಸ್ಟಿನಲ್ಲೇ ಪ್ರತಿಭಟಿಸಿ ಬರೆದರು, ಪ್ರಯೋಜನವಾಗಲಿಲ್ಲ.

ಈಗ ನಿಮ್ಮ ಊರ ಹಿರಿಯರ ಹೋಲಿಕೆಗೆ ಬರೋಣ. ಕಟ್ಟೆಯ ಮೇಲೆ ಕೂತ ಹಿರಿಯ, ತಗಾದೆಯ ಜಮೀನು ಯಾರದೆಂದು ಗೇಣಿ ಕೇಳಲು ಬಂದವನಿಗೆ ಮೂರು ವರ್ಷ ಮೊದಲೇ ಹೇಳಿಬಿಟ್ಟಿದ್ದರೆ, ಜೊತೆಗೆ ಬೇರೆ ಊರಿನ ಕಟ್ಟೆ ಹತ್ತಬೇಡಿ ಎಂದು ಇಬ್ಬರಿಂದಲೂ ಬರೆಸಿಕೊಂಡಿದ್ದರೆ ಅದನ್ನು ನೀವು ಪಂಚಾಯ್ತಿ ಎನ್ನುತ್ತೀರಾ? ಇಲ್ಲಿ ಆದದ್ದು ಅದೇ. ಬಹರೈನ್ 1880 ಮತ್ತು 1892ರಲ್ಲಿ, ಕತಾರ್ 1916ರಲ್ಲಿ ಬ್ರಿಟಿಷರೊಂದಿಗೆ ಮಾಡಿಕೊಂಡ ಒಪ್ಪಂದಗಳ ಪ್ರಕಾರ, ಅವರ ಅನುಮತಿ ಇಲ್ಲದೆ ಬೇರೆ ದೇಶದೊಡನೆ ವ್ಯವಹರಿಸುವಂತಿರಲಿಲ್ಲ. ಶೇಖ್ ಅಬ್ದುಲ್ಲಾ ಒಪ್ಪಿದರು ನಿಜ. ಒಪ್ಪದಿದ್ದರೆ ಹೋಗಲು ಇನ್ನೊಂದು ಬಾಗಿಲು ಅವರಿಗಿರಲಿಲ್ಲ.

ಈ ಆಡಳಿತ ನಮಗೆ ದೂರದ್ದೇನಲ್ಲ. ವೇಟ್‌ಮನ್ ಭಾರತ ಸರ್ಕಾರದ ನೌಕರ. ಅವನ ಮೇಲಧಿಕಾರಿ, ಇರಾನಿನ ಬುಶೆಹ್ರ್‌ನಲ್ಲಿ ಕೂರುತ್ತಿದ್ದ ಪೊಲಿಟಿಕಲ್ ರೆಸಿಡೆಂಟ್ ಫೌಲ್ ಕೂಡ ಹಾಗೆಯೇ. ಎರಡೂ ಕಡೆ ಓಡುತ್ತಿದ್ದದ್ದು ನಮ್ಮ ರೂಪಾಯಿ. ನಮ್ಮ ಸಂಸ್ಥಾನಗಳಲ್ಲಿ ಕೂತ ರೆಸಿಡೆಂಟರು ರಾಜರಿಗೆ ‘ಸಲಹೆ’ ಕೊಡುತ್ತಿದ್ದ ಬಗೆಯನ್ನು ಬಲ್ಲ ಮೈಸೂರಿನವರಿಗೆ ಆ ಕಾಗದಗಳ ದನಿ ಪರಿಚಿತವಾಗಿಯೇ ಕೇಳುತ್ತದೆ.

ಇನ್ನು ಹೇಗ್. 1991ರಲ್ಲಿ ಕತಾರ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಅದು ಹಾಜರುಪಡಿಸಿದ 82 ದಾಖಲೆಗಳು ನಕಲಿ ಎಂದು ಬಹರೈನ್ ಆಕ್ಷೇಪಿಸಿತು. ಕೊನೆಗೆ ಕತಾರ್ ಅವುಗಳನ್ನು ಕೈಬಿಡಬೇಕಾಯಿತು. ಇದು ಕತಾರಿನ ಮೇಲಿನ ದೊಡ್ಡ ಕಳಂಕ, ಅದನ್ನು ಮರೆಮಾಚುವ ಉದ್ದೇಶ ನಮಗಿಲ್ಲ. 2001ರ ಮಾರ್ಚ್ 16ರಂದು, 12ಕ್ಕೆ 5 ಮತಗಳಿಂದ, ಹವಾರ್ ಬಹರೈನಿಗೆ ಸೇರಿದ್ದೆಂದು ತೀರ್ಪಾಯಿತು. ಆದರೆ ಯಾವ ಆಧಾರದ ಮೇಲೆ? 1939ರದ್ದು ಪಂಚಾಯ್ತಿ ತೀರ್ಪೇ ಅಲ್ಲ ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಬ್ರಿಟಿಷ್ ಸರ್ಕಾರ ತೀರ್ಮಾನಿಸಲಿ ಎಂದು ಇಬ್ಬರು ಶೇಖರೂ ಒಪ್ಪಿದ್ದರು, ಹಾಗಾಗಿ ಅದು ಇಬ್ಬರನ್ನೂ ಕಟ್ಟಿಹಾಕುತ್ತದೆ, ಕಾರಣ ಕೊಡದಿದ್ದರೂ ಸಿಂಧು ಎಂದಿತು. ದ್ವೀಪ ಮೂಲತಃ ಯಾರದ್ದು, ಅಲ್ಲಿ ಆಳಿದವರು ಯಾರು, ಹತ್ತಿರವಿರುವುದು ಯಾರಿಗೆ ಎಂಬ ಪ್ರಶ್ನೆಗಳ ಒಳಗೆ ಹೋಗುವ ಅಗತ್ಯವೇ ಇಲ್ಲವೆಂದು ಬಿಟ್ಟುಬಿಟ್ಟಿತು.

ಬೆಜಾವಿ, ರಂಜೇವಾ, ಕೊರೋಮಾ ಎಂಬ ಮೂವರು ನ್ಯಾಯಾಧೀಶರು ಒಟ್ಟಾಗಿ ಭಿನ್ನಮತ ಬರೆದರು. ಬಹರೈನಿನ ಪರ ಮತ ಹಾಕಿದವರಲ್ಲೂ ಜೋರ್ಡಾನಿನ ಅಲ್ ಖಸಾವ್ನೆ, ನೆದರ್‌ಲೆಂಡ್ಸ್‌ನ ಕೊಯಿಮನ್ಸ್ ಇಬ್ಬರೂ 1939ರ ತೀರ್ಮಾನವನ್ನಷ್ಟೇ ನೆಚ್ಚಿಕೊಂಡದ್ದಕ್ಕೆ ತಕರಾರು ದಾಖಲಿಸಿದ್ದಾರೆ. ದವಾಸಿರ್‌ಗಳ ಬದುಕನ್ನೂ ಬಹರೈನಿನ ಆಡಳಿತದ ಕುರುಹುಗಳನ್ನೂ ತೂಗಿ ನೋಡಿದ್ದರೂ ಹವಾರ್ ಬಹರೈನಿಗೇ ಸಿಗುತ್ತಿತ್ತೇನೋ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಾವು ಬರೆದದ್ದು ದ್ವೀಪ ಯಾರಿಗೆ ಸೇರಬೇಕೆಂದಲ್ಲ, 1939ರಲ್ಲಿ ಅದನ್ನು ತೀರ್ಮಾನಿಸಿದ ಬಗೆಯ ಕುರಿತು. ಆ ಮಾತಿಗೆ ಈಗಲೂ ಬದ್ಧರಾಗಿದ್ದೇವೆ, ಆದ್ದರಿಂದ ತಿದ್ದುಪಡಿ ಪ್ರಕಟಿಸುವುದಿಲ್ಲ.

ಜುಬಾರಾ ವಿಷಯ ಚಿಕ್ಕದು. ಆಲ್ ಖಲೀಫಾ ಮನೆತನ 1783ರಲ್ಲಿ ಬಹರೈನ್ ಗೆಲ್ಲುವ ಮೊದಲು ನೆಲೆಸಿದ್ದ ಊರು ಅದು, ಹಾಗಾಗಿ ಅವರಿಗೆ ಅದರ ಮೇಲೆ ಕರುಳಿನ ಸೆಳೆತ. ಆದರೆ ಅದು ಕತಾರಿನದ್ದೆಂದು ಹೇಗ್‌ನಲ್ಲಿ ಸರ್ವಾನುಮತದಿಂದ ತೀರ್ಪಾಗಿದೆ. ಹವಾರ್‌ನ ದಕ್ಷಿಣಕ್ಕಿರುವ ಪುಟ್ಟ ಜನಾನ್ ದ್ವೀಪವೂ ಕತಾರಿಗೇ ಹೋಯಿತು. ನೀವು ಕೇಳಿರುವ, 2001ರ ಗಡಿರೇಖೆ ತೋರಿಸುವ ನಕ್ಷೆಯನ್ನು ಮುಂದಿನ ಸಂಚಿಕೆಯಲ್ಲಿ ಕೊಡುತ್ತೇವೆ.

— ಸಂ.