ಅವ್ವ ಹತ್ತುವ ಮೆಟ್ಟಿಲು

"ನಮ್ಮವ್ವನಿಗೆ ನೀವಾದ್ರೂ ಒಸಿ ಹೇಳಿ ಮೇಡಂ. ಬೆಟ್ಟ ಹತ್ತೋದು ಬಿಡ್ಲಿ."

ನನ್ನ ಹತ್ತಿರ ಸಲಹೆಗೆ ಬಂದು ಕೂತವರೇ ಹೇಳಿದ ಮಾತು ಇದು. ಅವರನ್ನು ಸಿದ್ದರಾಜು ಎನ್ನೋಣ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ. ವಯಸ್ಸು 46, ಮಂಡ್ಯದಲ್ಲಿ ಜೆರಾಕ್ಸ್ ಅಂಗಡಿ. 2 ವರ್ಷದವರಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು.

ಪ್ರತಿ ಆಷಾಢದಲ್ಲೂ ಒಂದು ಶುಕ್ರವಾರ ಅವ್ವ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾರೆ. ಸಾವಿರ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಇಡುತ್ತಾರೆ. ಈಗ 70 ದಾಟಿದೆ, ಮಂಡಿ ಊದುತ್ತದೆ. ಆದರೆ ಸಿದ್ದರಾಜು ಅವರ ಸಂಕಟ ಮಂಡಿಯದ್ದಲ್ಲ ಅಂತ ನನಗೆ ಬೇಗ ಅನ್ನಿಸಿತು. ಮೆಲ್ಲಗೆ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದರು: "ದುಡೀತೀನಿ, ಮದುವೆ ಆಗಿದೆ, ಮಗಳು ಕಾಲೇಜಿಗೆ ಹೋಗ್ತಾಳೆ. ಇನ್ನೂ ಹರಕೆ ಹೊರ್ತಾಳಲ್ಲ, ಅವಳ ಕಣ್ಣಿಗೆ ನಾನು ಇವತ್ತಿಗೂ ಸರಿಯಿಲ್ಲದ ಮಗಾನೇ ಅಲ್ವಾ?"

ಇನ್ನೊಂದು ವಿಷಯವೂ ಇತ್ತು. ಒಂದು ವರ್ಷದಿಂದ ಆ ಕಾಲು ಜಾಸ್ತಿ ಸೋಲುತ್ತಿತ್ತು. ಪೋಲಿಯೊ ಮತ್ತೆ ಬಂತೇನೋ ಎಂಬ ಭಯ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬಾಲ್ಯದ ಬಗ್ಗೆ ಕೇಳಿದಾಗ ಅವರಿಗೆ ಮೊದಲು ನೆನಪಾಗಿದ್ದು ಅವ್ವನ ಬೆನ್ನು. ಅಪ್ಪ ಬೇಗ ತೀರಿಕೊಂಡಿದ್ದರು. ಅವ್ವ ನಾಟಿ, ಕಳೆ, ಕಬ್ಬು ಕಡಿಯುವ ಕೂಲಿ ಮಾಡುತ್ತಿದ್ದರು. ಮಗನನ್ನು ಬದುವಿನ ಮೇಲೆ ಗೋಣಿಚೀಲ ಹಾಸಿ ಕೂರಿಸುತ್ತಿದ್ದರು. ಬೆಟ್ಟಕ್ಕೆ ಹೋದಾಗ ಹಳೇ ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಮೆಟ್ಟಿಲಿಗೆ ಬಗ್ಗುತ್ತಿದ್ದರಂತೆ. ಅವ್ವ ಬಗ್ಗಿದಾಗಲೆಲ್ಲ ಕೆಳಗೆ ಬೀಳ್ತೀನಿ ಅಂತ ಮಗು ಕಿರುಚುತ್ತಿತ್ತು. ನಂದಿ ಹತ್ತಿರ ಕೂತು ಇಬ್ಬರೂ ಗಂಟು ಬಿಚ್ಚಿ ರಾಗಿ ರೊಟ್ಟಿ ತಿನ್ನುತ್ತಿದ್ದರು. ಇದನ್ನು ಹೇಳುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

ನಾನು ಅವ್ವನಿಗೆ ಬುದ್ಧಿ ಹೇಳಲಿಲ್ಲ. "ಏನಂತ ಬೇಡ್ಕೊತೀಯ ಅಂತ ಒಂದ್ಸಲ ಕೇಳಿದ್ದೀರಾ?" ಎಂದೆ. ಕೇಳಿರಲಿಲ್ಲ. ಮುಂದಿನ ವಾರ ಅವ್ವನನ್ನೂ ಕರೆತಂದು ನನ್ನ ಎದುರೇ ಕೇಳಿದರು.

ಆ ತಾಯಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಬೇಡಾಕೆ ಏನೈತೆ ಕಣವ್ವ? ನನ್ ಮಗ ಎದ್ದು ನಡುದ್ರೆ ಉಸುರಿರೋಗಂಟ ಬತ್ತೀನಿ ಅಂದಿದ್ದೆ. ಏಳು ವರ್ಸಕ್ಕೆ ಕೋಲು ಹಿಡ್ದು ಇಸ್ಕೂಲ್ಗೆ ನಡ್ದ. ಕೊಡೋದ್ನ ಅವ್ಳು ಆವತ್ತೇ ಕೊಟ್ಳು. ನಾನು ಸಾಲ ತೀರುಸ್ತಾವ್ನಿ."

ಸಿದ್ದರಾಜು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದರು. ಅಷ್ಟರಲ್ಲಿ ಅವ್ವ ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೇಳಿದರು. ಮಗುವಿಗೆ ಜ್ವರ ಬಂದಾಗ ಸೂಜಿ ಹಾಕಿಸಿದ್ದರು. ಮಾರನೇ ದಿನವೇ ಕಾಲು ಜೋತುಬಿತ್ತು. "ನೀನೇ ಮಗೀನ ಕಾಲು ಕಳುದ್ಯಲ್ಲ" ಅಂತ ಊರವರು ಅಂದರು. ಆ ಮಾತನ್ನು 40 ವರ್ಷಕ್ಕೂ ಮೇಲೆ ಒಬ್ಬರೇ ಹೊತ್ತಿದ್ದಾರೆ.

ಇಲ್ಲಿ ನಾನು ತಡೆದೆ. ಸಮಾಧಾನಕ್ಕೆ "ಸೂಜಿಗೂ ಕಾಲಿಗೂ ಸಂಬಂಧವೇ ಇಲ್ಲ" ಅನ್ನಬಹುದಿತ್ತು. ಅದು ಸುಳ್ಳಾಗುತ್ತಿತ್ತು. ಪೋಲಿಯೊ ವೈರಸ್ ಮೈಯಲ್ಲಿದ್ದಾಗ ಸೂಜಿ ಚುಚ್ಚಿದರೆ ಆ ಕಡೆಯ ಕಾಲಿಗೇ ಲಕ್ವ ಹೊಡೆಯುವುದುಂಟು. ಅವರ ಒಪ್ಪಿಗೆ ಪಡೆದು, ಮಗ ಬಂದ ಮೇಲೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಕಾಯಿಲೆ ತಂದದ್ದು ವೈರಸ್. ಕೊಳೆ ಸೇರಿದ ನೀರು, ಕೈ, ಊಟದಿಂದ ಹರಡುತ್ತಿತ್ತು. ತಗುಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಲಕ್ವ ಆಗುತ್ತದೆ. ಸೂಜಿ ಇಲ್ಲದೆಯೂ ಆಗಬಹುದು. ಅದು 1981. ಊರೂರಿಗೆ ಹನಿ ತಂದ ಪಲ್ಸ್ ಪೋಲಿಯೊ ಶುರುವಾಗಿದ್ದೇ 1995ರಲ್ಲಿ. ಮಗು ಜ್ವರದಿಂದ ಸುಡುತ್ತಿದ್ದಾಗ, ಕೂಲಿ ಬಿಟ್ಟು, ಸಾಲ ಮಾಡಿ ಡಾಕ್ಟರ ಹತ್ತಿರ ಓಡಿದ್ದು ತಪ್ಪಾ? ಮಗನ ಕಡೆ ನೋಡಿದೆ. ಉತ್ತರ ಅವರೇ ಕೊಡಬೇಕಿತ್ತು.

"ನಾನಾಗಿದ್ರೂ ಹಾಕಿಸ್ತಿದ್ದೆ ಕಣವ್ವ" ಎಂದರು.

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಕಾಲಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇದು ಇನ್ನೂ ಹಲವರಿಗೆ ಬೇಕಾದ ಮಾತು. ಪೋಲಿಯೊ ಆಗಿ ಹತ್ತಾರು ವರ್ಷ ಕಳೆದ ಮೇಲೆ ಕೆಲವರಿಗೆ ಹೊಸದಾಗಿ ನಿಶ್ಶಕ್ತಿ, ನೋವು, ಸುಸ್ತು ಬರುತ್ತದೆ. ವೈರಸ್ ಮರಳಿ ಬಂದಿರುವುದಿಲ್ಲ, ಬೇರೆಯವರಿಗೆ ಅಂಟುವುದೂ ಇಲ್ಲ. ಅಷ್ಟು ವರ್ಷ ಹೆಚ್ಚು ಭಾರ ಹೊತ್ತ ನರಗಳು ಸೋಲುತ್ತವೆ. ಆದರೆ ಬೇರೆ ಕಾರಣಗಳೂ ಇರಬಹುದು, ಆದ್ದರಿಂದ ಡಾಕ್ಟರಿಗೆ ತೋರಿಸಲೇಬೇಕು. ದಣಿಯುವಷ್ಟು ವ್ಯಾಯಾಮ ಮಾಡಿ ಗಟ್ಟಿಯಾಗುತ್ತೇನೆ ಅನ್ನುವುದು ಬೇಡ. ಅಂಗಡಿಯಲ್ಲಿ ನಿಂತು ಮಾಡುವ ಕೆಲಸವನ್ನು ಎತ್ತರದ ಸ್ಟೂಲ್ ಮೇಲೆ ಕೂತು ಮಾಡಿ ಎಂದೆ. "ಅಂಗವಿಕಲ ಅಂತ ಬರೆಸಿಕೊಳ್ಳಲ್ಲ" ಎಂಬ ಹಟಕ್ಕೆ ಇಷ್ಟು ವರ್ಷ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿರಲಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಂತೆ ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಇದ್ದವರಿಗೆ ಮೀಸಲಾತಿಯಂಥ ಹಕ್ಕುಗಳಿವೆ. ಅರ್ಜಿಗೆ ಊರಿನ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಲು ಹೇಳಿದೆ.

ಹರಕೆ ಬಿಡಿ ಅಂತ ಅವ್ವನಿಗೆ ನಾನು ಹೇಳಲಿಲ್ಲ. ಆ ಸಾಲ ಅವರದ್ದು, ಮನ್ನಾ ಮಾಡಲು ನಾನ್ಯಾರು? ಬಸ್ಸಿನಲ್ಲಿ ಮೇಲೆ ಹೋಗಿ, ಕೊನೆಯ ಕೆಲವು ಮೆಟ್ಟಿಲಿಗೆ ಮಾತ್ರ ಅರಿಶಿನ ಇಟ್ಟರೆ ಚಾಮುಂಡಿ ತಾಯಿ ಒಪ್ಪುತ್ತಾಳಾ ಅಂತ ಕೇಳಿದೆ. "ಕೇಳ್ಬುಟ್ಟು ಯೋಳ್ತೀನಿ" ಎಂದರು.

ಈ ಆಷಾಢದಲ್ಲಿ ಒಪ್ಪಿದ್ದು ಒಂಬತ್ತು ಮೆಟ್ಟಿಲಿಗೆ. ಅರಿಶಿನದ ಬಟ್ಟಲು ಹಿಡಿದುಕೊಂಡಿದ್ದು ಸಿದ್ದರಾಜು.